ಹಳೇ ಬೈಕಿನ ಇಗ್ನಿಷನ್ ಸ್ವಿಚ್ ಬಿಚ್ಚಿದ್ಮೇಲೆ ವಾಪಸ್ ಜೋಡ್ಸೋದು ಹೇಗೆ

ಮೊದ್ಲು ಬ್ಯಾಟರಿ ಕನೆಕ್ಷನ್ ಬಿಚ್ಚಿ, ಚಾಸಿಗೆ ಹೋಗೋ ವೈರನ್ನೇ ಮೊದ್ಲು ತೆಗೀರಿ, ಹಳೇ ಬ್ರಿಟಿಷ್ ಬೈಕುಗಳಲ್ಲಿ ಎಷ್ಟೋ ಸಲ ಅದು ಪಾಸಿಟಿವ್ ಆಗಿರತ್ತೆ, ನೋಡ್ಕೊಳ್ಳಿ.

ಹಿತ್ತಾಳೆ ಕಾಂಟ್ಯಾಕ್ಟ್‌ಗಳು ಕಪ್ಪಾಗಿದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ, ಹೋಗ್ಲಿಲ್ಲ ಅಂದ್ರೆ ತುಂಬಾ ನಯವಾದ ಎಮರಿ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ, ಜಾಸ್ತಿ ಉಜ್ಜಿದ್ರೆ ಸವೆದು ಕನೆಕ್ಷನ್ನೇ ಸಿಗಲ್ಲ. ಆಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ತೇವ ತಡೆಯೋ ಗ್ರೀಸ್) ಬೆರಳಲ್ಲಿ ಸವರಿದ ಹಾಗೆ ತೆಳ್ಳಗೆ, ಅಷ್ಟೇ.

ನಿಜವಾಗ್ಲೂ ಕಷ್ಟ ಅಂದ್ರೆ ಆ ಸಣ್ಣ ಸ್ಪ್ರಿಂಗು ಮತ್ತೆ ಗುಂಡು, ಕೀ ತಿರುಗಿಸಿದಾಗ ಟಕ್ ಅಂತ ನಿಲ್ಲೋದು ಅದ್ರಿಂದ್ಲೇ. ಸ್ಪ್ರಿಂಗ್ ಕೂರೋ ತೂತಿಗೆ ಸ್ವಲ್ಪ ಗಟ್ಟಿ ಗ್ರೀಸ್ ತುಂಬಿ, ಸ್ಪ್ರಿಂಗ್ ಇಟ್ಟು, ಮೇಲೆ ಗುಂಡು ಕೂರಿಸಿ, ಗ್ರೀಸೇ ಹಿಡ್ಕೊಳತ್ತೆ. ಈ ಕೆಲಸ ಪೂರ್ತಿ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕ್ಕೊಂಡು ಮಾಡಿ, ನಾನು ಹಾಗ್ ಮಾಡದೇ ಒಂದು ಗುಂಡು ಕಳ್ಕೊಂಡು ಎರಡು ದಿನ ನೆಲ ತಡಕಾಡಿದೀನಿ.

ರೋಟರ್ ಪ್ಲೇಟನ್ನ (ಕೀ ಜೊತೆ ತಿರುಗೋ ತಟ್ಟೆ) ಬಿಚ್ಚೋವಾಗ ಗೀಚಿಟ್ಟ ಗುರುತಿಗೆ ಸರಿಯಾಗಿ ಕೂರಿಸಿ, ಹಿಂದಿನ ಮುಚ್ಚಳ ಒತ್ತಿ ಹಿಡಿದು ತಗಡಿನ ಕಿವಿಗಳನ್ನ ಒಂದೇ ಸಲಕ್ಕೆ ಮಡಚಿ, ಮತ್ತೆ ಮತ್ತೆ ಬಗ್ಗಿಸಿದ್ರೆ ಮುರಿಯತ್ತೆ.

ಬೈಕಿಗೆ ಹಾಕೋ ಮುಂಚೆ ಮಲ್ಟಿಮೀಟರ್ ಇಟ್ಟು ಕೀನ ಪ್ರತಿ ಪೊಸಿಷನ್‌ನಲ್ಲೂ ಯಾವ ಟರ್ಮಿನಲ್‌ಗೆ ಯಾವ್ದು ಸೇರತ್ತೆ ಅಂತ ವೈರಿಂಗ್ ಡಯಾಗ್ರಾಮ್ ಪ್ರಕಾರ ಚೆಕ್ ಮಾಡಿ. ಮ್ಯಾಗ್ನೆಟೋ ಬೈಕಾದ್ರೆ (ಬ್ಯಾಟರಿ ಇಲ್ದೆ ತಾನೇ ಸ್ಪಾರ್ಕ್ ಹುಟ್ಟಿಸೋದು) ಉಲ್ಟಾ ಅನ್ನೋದು ನೆನಪಿರ್ಲಿ, ಆಫ್‌ನಲ್ಲಿದ್ದಾಗ್ಲೇ ಕಿಲ್ ವೈರ್ (ಇಂಜಿನ್ ನಿಲ್ಲಿಸೋ ವೈರ್) ಅರ್ಥ್‌ಗೆ, ಅಂದ್ರೆ ಚಾಸಿಗೆ ಸೇರತ್ತೆ.