ಕರ್ಜತ್‌ನಲ್ಲಿ ಎಂಜಿನ್ ಕಾಯುತ್ತಾ

ಎಂಜಿನ್ ಫೋಟೋ ಚೆನ್ನಾಗಿ ಬರಬೇಕಾದರೆ ಮೊದಲು ಎಂಜಿನ್ ಓದಲು ಬರಬೇಕು. ನಾನು ಕಲಿತದ್ದು ಹಾಗೆಯೇ. ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ದಿನಾ ಲೋಕಲ್‌ಗೆ ಕಾಯುವಾಗ ಪಕ್ಕದ ಹಳಿಯಲ್ಲಿ ದೂರದ ಊರಿನ ಗಾಡಿಗಳು ಹೋಗುತ್ತವೆ. ಎಂಜಿನ್ ಮೈಮೇಲೆ ಬರೆದದ್ದನ್ನು ಸುಮ್ನೆ ಓದುತ್ತಾ ಓದುತ್ತಾ ಈ ಹುಚ್ಚು ಹತ್ತಿತು. ಕ್ಯಾಮೆರಾ ಬಂದದ್ದು ಆಮೇಲೆ.

ಓದುವುದು ಕಷ್ಟವೇನಲ್ಲ. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್. ಮುಂದಿನ ಅಕ್ಷರ ಎ ಇದ್ದರೆ ಎಸಿ ಕರೆಂಟು, ಡಿ ಇದ್ದರೆ ಡೀಸೆಲ್. ಪಿ ಪ್ರಯಾಣಿಕರ ಗಾಡಿಗೆ, ಜಿ ಗೂಡ್ಸ್‌ಗೆ, ಎಂ ಎರಡಕ್ಕೂ. ಐದಂಕಿಯ ನಂಬರ್ 30ರಿಂದ ಶುರುವಾದರೆ ಅದು ಹೆಚ್ಚಾಗಿ ಡಬ್ಲ್ಯೂಎಪಿ-7, 22 ಇದ್ದರೆ ಹೆಚ್ಚಾಗಿ ಡಬ್ಲ್ಯೂಎಪಿ-4. ಜೊತೆಗೆ ಶೆಡ್ ಹೆಸರು ಇರುತ್ತದೆ: ಕಲ್ಯಾಣ್, ಅಜ್ನಿ, ಕಾಜೀಪೇಟ್. ಆ ಎಂಜಿನ್ನಿನ ಮನೆ ಎಲ್ಲಿದೆ ಎಂದು ಅದೇ ಹೇಳಿಬಿಡುತ್ತದೆ. ಹುಬ್ಬಳ್ಳಿ ಅಥವಾ ಕೃಷ್ಣರಾಜಪುರಂ ಎಂದು ಬರೆದ ಎಂಜಿನ್ ಈ ಕಡೆ ಕಣ್ಣಿಗೆ ಬಿದ್ದರೆ, ಪರವೂರಿನ ಸಂತೆಯಲ್ಲಿ ನಮ್ಮೂರಿನವರು ಸಿಕ್ಕಷ್ಟು ಖುಷಿ ನನಗೆ.

ಮುಂಬೈ ಕಡೆ ಇರುವವರಿಗೆ ನಾನು ಹೇಳುವ ಜಾಗ ಒಂದೇ, ಪುಣೆ ದಾರಿಯ ಕರ್ಜತ್. ಮುಂಬೈನ ದೊಡ್ಡ ನಿಲ್ದಾಣ ಸಿಎಸ್‌ಎಂಟಿಯಲ್ಲಿ ಎಂಜಿನ್ ಹತ್ತಿರದಿಂದ ಸಿಗುತ್ತದೆ, ನಿಜ. ಆದರೆ ಅಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ಕಲ್ಯಾಣ್‌ನಲ್ಲಿ ಗಾಡಿಗಳು ಜಾಸ್ತಿ, ಜನ ಅದಕ್ಕಿಂತ ಜಾಸ್ತಿ. ಎಂಜಿನ್ ಮೈಮುರಿದು ದುಡಿಯುವುದನ್ನು ನೋಡಬೇಕೆಂದರೆ ಕರ್ಜತ್‌ಗೇ ಹೋಗಬೇಕು. ಅಲ್ಲಿಂದ ಮುಂದೆ ಭೋರ್ ಘಾಟ್. 1863ರಲ್ಲಿ ಶುರುವಾದ ಹಾದಿ ಅದು. ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರಬೇಕು. ರಸ್ತೆಗೆ ಇದು ಏನೂ ಅಲ್ಲ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಬಹಳ ಕಡಿದು.

ಹಾಗಾಗಿ ಪುಣೆ ಕಡೆ ಹೋಗುವ ಎಂಜಿನ್ ಗಾಡಿಗಳಿಗೆ ಇಲ್ಲಿ ಹಿಂದಿನಿಂದ ಬ್ಯಾಂಕರ್, ಅಂದರೆ ತಳ್ಳುವ ಎಂಜಿನ್, ಸೇರಿಸುತ್ತಾರೆ. ನಾನು ಹೆಚ್ಚಾಗಿ ನೋಡಿರುವುದು ಡಬ್ಲ್ಯೂಎಜಿ-7, ಒಂದೊಂದೂ 5000 ಅಶ್ವಶಕ್ತಿಯದು. ಎಲ್ಲ ಎಂಜಿನ್ನೂ ಮುಂದೆಯೇ ಕಟ್ಟಿ ಎಳೆದರೆ ಆಗಲ್ವಾ ಅಂತ ಹೊಸಬರು ಕೇಳುತ್ತಾರೆ. ಹಾಗೆ ಮಾಡಿದರೆ ಎಳೆಯುವ ಭಾರವೆಲ್ಲ ಮುಂದಿನ ಕಪ್ಲಿಂಗ್ (ಬೋಗಿ ಜೋಡಿಸುವ ಕೊಂಡಿ) ಮೇಲೆ ಬೀಳುತ್ತದೆ. ಹಿಂದಿನಿಂದ ತಳ್ಳಿದರೆ ಆ ಭಾರ ಹಂಚಿಹೋಗುತ್ತದೆ. ನಡುವೆ ಎಲ್ಲಾದರೂ ಕಪ್ಲಿಂಗ್ ಬಿಟ್ಟರೂ ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡುವುದಿಲ್ಲ. ಲೋನಾವಳಾದಲ್ಲಿ ಬ್ಯಾಂಕರ್ ಬಿಡಿಸುತ್ತಾರೆ. ಮುಂಬೈ–ಸೋಲಾಪುರ ವಂದೇ ಭಾರತ್‌ಗೆ ಮಾತ್ರ ಇದು ಬೇಕಿಲ್ಲ. ಅದರ ಮೋಟಾರುಗಳು ಬೋಗಿಗಳ ಕೆಳಗೇ ಹಂಚಿಕೊಂಡಿವೆ.

ಬ್ಯಾಂಕರ್ ಮೆಲ್ಲಗೆ ಹಿಂದೆ ಬಂದು ತಾಗುವುದು, ಒಬ್ಬರು ಇಳಿದು ಕಪ್ಲಿಂಗ್ ನೋಡುವುದು, ಬ್ರೇಕಿನ ಗಾಳಿ ಬುಸ್ ಎನ್ನುವುದು, ಎಂಜಿನ್ ತಂಪು ಮಾಡುವ ಬ್ಲೋವರ್ ಸದ್ದು ಏರುವುದು. ಇದಿಷ್ಟೂ ಕೆಲವೇ ನಿಮಿಷ. ಆದರೂ ಪ್ರತಿ ಸಲ ನನ್ನ ಎದೆ ಬಡಿತ ಏರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಅಂತೂ ಬೆಂಗಳೂರಿಗೆ ಹೋಗುವ ನಮ್ಮ ಗಾಡಿ. ಅದನ್ನು ಬ್ಯಾಂಕರ್ ತಳ್ಳುತ್ತಿರುವ ಚಿತ್ರ ನನ್ನ ಹತ್ತಿರ ಎಷ್ಟೇ ಇದ್ದರೂ ಇನ್ನೊಂದು ಬೇಕು.

ಒಮ್ಮೆ ಬ್ಯಾಂಕರಿನ ಕಿಟಕಿಯಿಂದ ಒಬ್ಬರು, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು ಕರೆದರು. ‘ಏನ್ರೀ, ಯಾವೂರು ನಿಮ್ದು? ಮಂದಿ ತಮ್ಮ ಫೋಟೋ ತಕ್ಕೋತಾರ, ನೀವು ಬರೇ ಇಂಜಿನ್ನಿಂದು ತೆಗೀತೀರಿ?’ ಕಲಬುರಗಿಯವರಂತೆ. ‘ಗದಗ ರೀ ಸರ್. ಇಂಜಿನ್ ಅಂದ್ರ ಭಾಳ ಪ್ರೀತಿ’ ಅಂದೆ. ಮಳೆಯಲ್ಲಿ ಚಕ್ರ ಜಾರದಂತೆ ಹಳಿಗೆ ಮರಳು ಬಿಡುವ ಪೈಪನ್ನು ಅವರೇ ತೋರಿಸಿದರು. ಅಂದಿನಿಂದ ಚಕ್ರದ ಹತ್ತಿರದ ಚಿತ್ರ ತೆಗೆಯುವಾಗ ಆ ಪೈಪೂ ಕಾಣುವಂತೆ ನೋಡಿಕೊಳ್ಳುತ್ತೇನೆ.

ಫೋಟೋದ ವಿಷಯಕ್ಕೆ ಬಂದರೆ, ಬೆಳಕು ನನ್ನ ಬೆನ್ನ ಹಿಂದೆ ಅಥವಾ ಪಕ್ಕದಲ್ಲಿರುವ ಕಡೆ ನಿಲ್ಲುತ್ತೇನೆ. ಎಂಜಿನ್ನಿನ ಮುಖವೂ ಒಂದು ಪಕ್ಕವೂ ಕಾಣಬೇಕು, ಮೇಲೆ ತಂತಿಯಿಂದ ಕರೆಂಟು ಪಡೆಯುವ ಪ್ಯಾಂಟೋಗ್ರಾಫ್ ಪೂರ್ತಿ ಚೌಕಟ್ಟಿನೊಳಗೆ ಇರಬೇಕು. ಕರೆಂಟಿನ ಕಂಬ ಎಂಜಿನ್ ತಲೆಯ ಮೇಲೆ ಮೊಳೆತಂತೆ ಕಾಣಬಾರದು. ಅದಕ್ಕೆ ಗಾಡಿ ಬರುವ ಮೊದಲೇ ಖಾಲಿ ಹಳಿಯ ಒಂದು ಚಿತ್ರ ತೆಗೆದು ಕಂಬಗಳ ಲೆಕ್ಕ ಹಾಕುತ್ತೇನೆ. ನಿಲ್ಲದೆ ಹೋಗುವ ಗಾಡಿಗೆ ಶಟರ್ 1/1000 ಸೆಕೆಂಡ್. ಲೋಕಲ್‌ನ ಎಲ್‌ಇಡಿ ಬೋರ್ಡಿಗೆ ಅದು ನಡೆಯದು, ಅಕ್ಷರ ಅರ್ಧರ್ಧ ಬರುತ್ತದೆ. 1/100ರ ಆಸುಪಾಸಿಗೆ ಇಳಿಸಿ. ಮಳೆಗಾಲವೇ ನನಗೆ ಅತಿ ಇಷ್ಟ. ಬೆಟ್ಟ ಹಸಿರು, ಮೋಡದ ಮೆತ್ತಗಿನ ಬೆಳಕು, ಎಂಜಿನ್ನಿನ ಕೆಂಪು ಬಣ್ಣ ತೊಳೆದಿಟ್ಟ ಹಾಗೆ ಕಾಣುತ್ತದೆ. ಹೆಡ್‌ಲೈಟ್ ಕಂಡು ಕ್ಯಾಮೆರಾ ಇಡೀ ಚಿತ್ರವನ್ನು ಕಪ್ಪು ಮಾಡುತ್ತದೆ. ಬೆಳಕನ್ನು ಕೈಯಾರೆ ಹೊಂದಿಸುವುದೇ ಲೇಸು.

ಪ್ಲಾಟ್‌ಫಾರ್ಮ್ ಟಿಕೆಟ್ ಅಥವಾ ಲೋಕಲ್ ಟಿಕೆಟ್ ಜೇಬಿನಲ್ಲಿರಲಿ. ಟ್ರೈಪಾಡ್ ಒಯ್ಯಬೇಡಿ, ಫ್ಲಾಷ್ ಹಾಕಬೇಡಿ. ಅದು ಚಾಲಕರ ಕಣ್ಣಿಗೆ ಹೊಡೆಯುತ್ತದೆ. ಯಾರಾದರೂ ಬೇಡ ಅಂದರೆ ಕ್ಯಾಮೆರಾ ಒಳಗಿಡಿ. ಹಳಿಗೆ ಇಳಿಯುವುದು, ಘಾಟಿನ ಸುರಂಗದ ಹತ್ತಿರ ನಡೆಯುವುದು ಅಪರಾಧ, ಪ್ರಾಣಕ್ಕೂ ಅಪಾಯ. ಈ ವಿಷಯದಲ್ಲಿ ನಾನು ಯಾರಿಗೂ ಮುಲಾಜು ನೋಡುವುದಿಲ್ಲ. ಜೊತೆಗೆ ಬಂದ ಹುಡುಗರು ಹಳದಿ ಗೆರೆ ದಾಟಿದರೆ ವಾಪಸ್ ಕರೆದುಕೊಂಡು ಹೋಗುತ್ತೇನೆ.

ಮನೆಗೆ ಬಂದ ರಾತ್ರಿಯೇ ಪ್ರತಿ ಚಿತ್ರಕ್ಕೂ ನಂಬರ್, ಶೆಡ್, ಗಾಡಿ, ಜಾಗ ಬರೆದಿಡಿ. ಇದು ಯಾಕೆ ಮುಖ್ಯ ಅಂದರೆ, ನಮ್ಮ ಲೈನಿನಲ್ಲಿ ಮೊದಲು 1500 ವೋಲ್ಟಿನ ಡಿಸಿ ಕರೆಂಟಿತ್ತು. 25,000 ವೋಲ್ಟಿನ ಎಸಿಗೆ ಬದಲಾವಣೆ ಮೇನ್ ಲೈನಿನಲ್ಲಿ ಮುಗಿದದ್ದು 2015ರಲ್ಲಿ. ಎರಡೂ ಕರೆಂಟಿನಲ್ಲಿ ಓಡುತ್ತಿದ್ದ ಡಬ್ಲ್ಯೂಸಿಎಎಂ-3 ಆಗ ದಿನಾ ಕಾಣುತ್ತಿತ್ತು. ಈಗ ಹಾಗೆ ದಿನಾ ಕಾಣುವುದಿಲ್ಲ, ಆಗ ತೆಗೆದಿಟ್ಟವರ ಹತ್ತಿರ ಅದರ ಚಿತ್ರ ಇದೆ. ಈಗ ವಯಸ್ಸಾಗುತ್ತಿರುವುದು ಡಬ್ಲ್ಯೂಎಜಿ-5ಗೆ, ಅಮೆರಿಕದ ಆಲ್ಕೊ ಕಂಪನಿ ವಿನ್ಯಾಸದ ಹಳೇ ಡೀಸೆಲ್‌ಗಳಿಗೆ. ಹೊಸದಾಗಿ ಶುರು ಮಾಡುವವರು ಮೊದಲು ಇವುಗಳ ಬೆನ್ನು ಹತ್ತಿ. ಡಬ್ಲ್ಯೂಎಪಿ-7 ಇನ್ನೂ ಬಹಳ ವರ್ಷ ಸಿಗುತ್ತದೆ.