ಬೇಸಿಗೆಯಲ್ಲಿ ಒಣಗಬೇಕಾದ ಕಾಲುವೆ

ಬೆಂಗಳೂರಿನ ನಮ್ಮ ಬಡಾವಣೆಯ ಹಿಂದಿನ ರಾಜಕಾಲುವೆ ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನಲ್ಲಿಯಲ್ಲಿ ನಮ್ಮ ಮನೆಗೆ ಬಂದ ಕಾವೇರಿ ಹೀಗೆ ಮೈಯೆಲ್ಲ ಕೊಳೆ ಮಾಡಿಕೊಂಡು ಹಿಂದಿರುಗುತ್ತಾಳೆ.

ಮೊದಲ ವರ್ಷ ನಾವು ಏಳೆಂಟು ಮಂದಿ ಸೇರಿ, ಬೇರುಗಳು ನೀರಿನ ಕೊಳೆ ಹೀರಲಿ ಎಂದು ತೆಪ್ಪಗಳ ಮೇಲೆ ಜೊಂಡು ನೆಟ್ಟು ಕಾಲುವೆಗೆ ಬಿಟ್ಟೆವು. ಫೋಟೊ ಚೆನ್ನಾಗಿ ಬಂದವು. ಆಗಸ್ಟ್‌ನ ಒಂದೇ ಮಳೆಗೆ ತೆಪ್ಪಗಳೆಲ್ಲ ಕೊಚ್ಚಿಹೋಗಿ ಕೆಳಗಿನ ಸೇತುವೆಯ ಬಾಯಿಗೆ ಸಿಕ್ಕಿಕೊಂಡು, ನೀರು ಪಕ್ಕದ ಬೀದಿಗೆ ನುಗ್ಗಿತು. ಆ ಬೀದಿಯವರ ಬೈಗುಳ ತಿಂದೆವು, ತಿನ್ನಬೇಕಾದದ್ದೇ.

ಆಮೇಲೆ ಹೊಳೆದದ್ದು ಸರಳ ವಿಷಯ. ರಾಜಕಾಲುವೆ ಇರುವುದು ಮಳೆನೀರಿಗೆ. ಮಾರ್ಚ್ ತಿಂಗಳಲ್ಲೂ ಅದು ತುಂಬಿ ಹರಿಯುತ್ತಿದ್ದರೆ ಹರಿಯುತ್ತಿರುವುದು ನಮ್ಮ ಬಚ್ಚಲು. ಹಾಗಾಗಿ ಗಿಡ ನೆಡುವುದನ್ನು ಬಿಟ್ಟು, ಬೆಳಿಗ್ಗೆ ಆರರಿಂದ ಎಂಟರವರೆಗೆ, ಊರೆಲ್ಲ ಸ್ನಾನ ಮಾಡುವ ಹೊತ್ತಿನಲ್ಲಿ, ದಂಡೆಯುದ್ದಕ್ಕೂ ನಡೆದು ಯಾವ ಕೊಳವೆಯಿಂದ ಏನು ಬೀಳುತ್ತದೆಂದು ಬರೆದುಕೊಂಡೆವು. ಅನುಮಾನವಿದ್ದ ಮನೆಗಳವರನ್ನು ಒಪ್ಪಿಸಿ ಶೌಚಾಲಯಕ್ಕೆ ಬಟ್ಟೆಯ ನೀಲಿ ಕಲಸಿ ಸುರಿದೆವು. ಒಬ್ಬರು ಮೇಲೆ ಸುರಿದರೆ ಇನ್ನೊಬ್ಬರು ಕೆಳಗೆ ಕಾಯುವುದು.

ಕಳ್ಳ ಕೊಳವೆಗಳು ಸಿಕ್ಕವು, ಆದರೆ ದೊಡ್ಡ ಪಾಲು ಅವುಗಳದ್ದಲ್ಲ. ಕಾಲುವೆಯ ಪಕ್ಕದಲ್ಲೇ ಒಳಚರಂಡಿಯ ದೊಡ್ಡ ಕೊಳವೆ ಹೋಗುತ್ತದೆ. ಇಳಿಜಾರು ಇರುವುದೇ ಅಲ್ಲಿ. ಅದರ ಒಂದು ಮ್ಯಾನ್‌ಹೋಲ್‌ನಲ್ಲಿ ಕಟ್ಟಡ ಕೆಲಸದ ಸಿಮೆಂಟ್ ಹಾಲು ಗಟ್ಟಿಯಾಗಿ ಕೂತಿತ್ತು. ಸರಿಯಾಗಿ ಸಂಪರ್ಕ ಪಡೆದು ಶುಲ್ಕ ಕಟ್ಟಿದವರ ಮನೆಯ ಕೊಳಚೆಯೂ ಅಲ್ಲಿಂದ ಉಕ್ಕಿ ಕಾಲುವೆಗೇ ಬೀಳುತ್ತಿತ್ತು. ಯಂತ್ರ ಬರುವುದಕ್ಕೆ ಏಳು ಅರ್ಜಿ ಬೇಕಾಯಿತು. ಅಷ್ಟರೊಳಗೆ ಯಾರನ್ನಾದರೂ ಗುಂಡಿಗೆ ಇಳಿಸಿ ಮುಗಿಸೋಣ ಎಂದವರಿಗೆ ನಾನು ಒಪ್ಪಲಿಲ್ಲ. ಅದು ಅಪರಾಧ, ಜೀವ ಹೋಗುವ ಕೆಲಸ.

ಮ್ಯಾನ್‌ಹೋಲ್ ತೆರವಾದ ವಾರದಲ್ಲೇ ಹರಿವು ಅರ್ಧಕ್ಕಿಳಿಯಿತು. ಉಳಿದದ್ದಕ್ಕೆ ಅಂಚಿನಲ್ಲಿ ಕಲ್ಲಿನ ಅಡ್ಡಗಟ್ಟು ಕಟ್ಟಿ ಮತ್ತೆ ಜೊಂಡು ಬೆಳೆಸಿದ್ದೇವೆ. ಅದನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು; ಅಲ್ಲೇ ಕೊಳೆತರೆ ಹೀರಿದ ಸಾರಜನಕ, ರಂಜಕವೆಲ್ಲ ಮರಳಿ ನೀರಿಗೇ ಬರುತ್ತದೆ. ಸೋಪಿನ ನೊರೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಈ ಮಾರ್ಚ್‌ನಲ್ಲಿ ಮೇಲ್ಭಾಗದ ತಳ ಮೊದಲ ಬಾರಿಗೆ ಒಣಗಿ ಮರಳು ಕಂಡಿತು. ಸೇತುವೆಯ ಬಳಿ ಹೂ ಮಾರುವ ಅಜ್ಜಿ ಬಗ್ಗಿ ನೋಡಿ, “ಏನಪ್ಪಾ, ಇಷ್ಟೆಲ್ಲ ಓಡಾಡಿ ಇದ್ದ ನೀರನ್ನೂ ಕಳೆದಿರಲ್ಲ” ಎಂದರು.