ಯೀಸ್ಟ್ ಬೀಳುವ ತನಕ ಅಡುಗೆ, ಬಿದ್ದ ಮೇಲೆ ಅಬಕಾರಿ

ಅಮೆರಿಕದಿಂದ ರಜೆಗೆ ಬಂದ ಅಕ್ಕನ ಮಗ ಬೆಳಗಾವಿ ಟಿಳಕವಾಡಿಯ ನಮ್ಮ ಅಡುಗೆಮನೆಯಲ್ಲಿ ನಿಂತು ಕೇಳಿದ: 'ಮಾಮಾ, ಇಲ್ಲೇ ಬಿಯರ್ ಮಾಡೋಣ್ವಾ? ಅಲ್ಲಿ ಎಷ್ಟೋ ಮಂದಿ ಮನೆಯಲ್ಲೇ ಮಾಡ್ತಾರೆ.'

ಸುಳ್ಳಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ, ಇಬ್ಬರು ದೊಡ್ಡವರಿರುವ ಮನೆಯವರು ಅಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದ್ರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಮನೆಬಿಯರ್‌ಗೆ ಲೈಸೆನ್ಸ್ ಬೇಕೆಂಬ ಕಟ್ಟಳೆ 1963ರಲ್ಲೇ ಹೋಯಿತು.

ಬೆಳಗಾವಿಯಲ್ಲಿ ಹಾಗಿಲ್ಲ. ಮದ್ಯ ನಮ್ಮಲ್ಲಿ ರಾಜ್ಯಗಳಿಗೆ ಬಿಟ್ಟ ವಿಷಯ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರೂ ಮದ್ಯವೇ. ಮದ್ಯ ಮಾಡಲೆಂದು ಸಾಮಾನು, ಪಾತ್ರೆ ಇಟ್ಟುಕೊಂಡರೂ 32ನೇ ಕಲಮಿನಲ್ಲಿ ಅಪರಾಧ. 'ಮಾರೋದಿಲ್ರೀ, ನಾನೇ ಕುಡಿಯೋದು' ಅಂದರೆ ನಡೆಯೋದಿಲ್ಲ. ಗಡಿ ದಾಟಿ ಮಹಾರಾಷ್ಟ್ರದ ಚಂದಗಡಕ್ಕೆ ಹೋದರೆ ಅಲ್ಲಿ 1949ರ ಪಾನನಿಷೇಧ ಕಾಯ್ದೆ ಕಾದಿರುತ್ತದೆ. 1956ಕ್ಕೆ ಮುಂಚೆ ನಾವು ಮುಂಬೈ ರಾಜ್ಯದಲ್ಲಿದ್ದಾಗ ನಮಗೂ ಅದೇ ಇತ್ತು.

ಆದರೆ ಹುಡುಗನಿಗೆ ಒಂದು ಮಾತು ಹೇಳಿದೆ. ಬಿಯರಿನ ಮುಕ್ಕಾಲು ಕೆಲಸ ಬರೀ ಅಡುಗೆ. ಕಾಳು ಮೊಳಕೆ ಬರಿಸೋದು, ಒಣಗಿಸೋದು, ಬಿಸಿನೀರಲ್ಲಿ ನೆನೆಸಿ ಸಿಹಿ ತೆಗೆಯೋದು, ಕುದಿಸೋದು. ಆಮೇಲೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ. ಗೆರೆ ಇರೋದು ಅಲ್ಲಿ. ಮಜಾ ನೋಡಿ, ಬವೇರಿಯಾದ ಪ್ರಸಿದ್ಧ 1516ರ ಬಿಯರ್ ಕಟ್ಟಳೆಯಲ್ಲಿ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಒಂದು ಹೂವು), ನೀರು ಮಾತ್ರ ಇದ್ದವು. ಯೀಸ್ಟ್ ಅಂದರೇನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಗೆರೆಯ ಈಚೆಗೇ ನಿಂತು ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಕಾಳಿನ ಪಾನಕ ಮಾಡಿದೆವು. ನೀವೂ ಮಾಡಬಹುದು.

ಮೊದಲು ಕಾಳು. ನಮ್ಮ ಸದಕ ಗೋಧಿಯೇ ಸಾಕು. ಹುಗ್ಗಿ ಮಾಡುವ ಈ ಗೋಧಿಯ ಜಾತಿಯಿಂದಲೇ ಹಳೇ ಈಜಿಪ್ಟಿನವರು ಬಿಯರ್ ಮಾಡುತ್ತಿದ್ದರು. ರವಿವಾರ ಪೇಟೆಯಲ್ಲಿ ಕೇಳುವಾಗ ಹೊಟ್ಟು ಬಿಡಿಸದ ಒಂದು ಕಿಲೋ ಕೊಡಿ ಅನ್ನಿ. ಬಿತ್ತನೆ ಬೀಜ ಮಾತ್ರ ಬೇಡವೇ ಬೇಡ, ಔಷಧಿ ಹಚ್ಚಿರ್ತಾರೆ. ಜೋಳವೂ ಈ ಕೆಲಸಕ್ಕೆ ಬೇಡ. ಎಳೆ ಜೋಳ ಮೇಯ್ದು ದನ ಸತ್ತದ್ದು ರೈತರಿಗೆಲ್ಲ ಗೊತ್ತು. ಅದೇ ಸಯನೈಡ್ ವಿಷ ಜೋಳದ ಮೊಳಕೆಯಲ್ಲೂ ಇರುತ್ತದೆ.

ಕಾಳನ್ನು ಒಂದು ದಿನ ನೆನೆಹಾಕಿ. ಎಂಟು ತಾಸಿಗೊಮ್ಮೆ ನೀರು ಬಸಿದು, ಒಂದು ತಾಸು ಗಾಳಿಗೆ ಬಿಟ್ಟು, ಹೊಸ ನೀರು ಹಾಕಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ತೆಳ್ಳಗೆ ಹರಡಿ, ಮೂರು ನಾಲ್ಕು ದಿನ ದಿನಕ್ಕೆರಡು ಸಲ ಕೈಯಾಡಿಸಿ. ಡಿಸೆಂಬರ್ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು. ಏಪ್ರಿಲ್‌ನಲ್ಲಿ ಮಾಡಿದ್ದಕ್ಕೆ ನನಗೆ ಬೂಸ್ಟು ಹಿಡಿದು ಎಲ್ಲ ಚೆಲ್ಲಬೇಕಾಯಿತು. ಮೊಳಕೆ ಕಾಳಿನಷ್ಟೇ ಉದ್ದ ಆದ ಕೂಡಲೇ ಬಿಸಿಲಿಗೆ ಹಾಕಿ. ಬೇರು ಕೈಯಲ್ಲಿ ಉಜ್ಜಿದರೆ ಪುಡಿಯಾಗಿ ಉದುರಬೇಕು. ಕೇರಿ, ದಪ್ಪ ರವೆಯಂತೆ ಒಡೆಸಿ. ನುಣ್ಣಗೆ ಬೀಸಿದರೆ ಸೋಸುವಾಗ ಅಂಟಾಗಿ ಕೂರುತ್ತದೆ.

ಈಗ ಮುಖ್ಯ ಕೆಲಸ. ಮಾಲ್ಟ್ ಕಲಸಿದ ಮೇಲೆ ನೀರು ಸುಮಾರು 66 ಡಿಗ್ರಿ ಇರಬೇಕು. ಜಾಸ್ತಿ ಕಾದರೆ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವ ಸಾಯುತ್ತದೆ, ಕಡಿಮೆಯಾದರೆ ಹಿಟ್ಟು ಬಿಚ್ಚಿಕೊಳ್ಳೋದಿಲ್ಲ. ಥರ್ಮಾಮೀಟರ್ ಇಲ್ಲವೇ? ಎರಡು ಲೀಟರ್ ಕುದಿಯುವ ನೀರಿಗೆ ಒಂದು ಲೀಟರ್ ತಣ್ಣೀರು ಬೆರೆಸಿ, ಒಂದು ಕಿಲೋ ಮಾಲ್ಟ್ ಹಾಕಿ ಕಲಸಿ. ಹೆಚ್ಚೂಕಡಿಮೆ ಅಷ್ಟಕ್ಕೇ ಬರುತ್ತದೆ. ಮುಚ್ಚಿ, ಹಳೇ ಕೌದಿ ಸುತ್ತಿ ಒಂದು ತಾಸು ಬಿಡಿ.

ಕೌದಿ ಬಿಚ್ಚಿದಾಗಿನ ವಾಸನೆಯನ್ನು ಹೇಗೆ ಹೇಳಲಿ? ಹುಗ್ಗಿ ಬೆಲ್ಲ ಹಾಕುವ ಮುಂಚೆ ಇರುತ್ತದಲ್ಲ, ಹಾಗೆ. ಆದರೆ ನಾಲಿಗೆಗೆ ಇಟ್ಟರೆ ಸಿಹಿ, ಒಂದು ಚಮಚ ಸಕ್ಕರೆಯನ್ನೂ ಹಾಕಿರೋದಿಲ್ಲ. ನಂಬಿಕೆ ಬಾರದಿದ್ದರೆ ಬಿಳಿ ತಟ್ಟೆಗೆ ಒಂದು ಹನಿ ತಿಳಿರಸ ಬಿಟ್ಟು, ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿ. ಕಪ್ಪು ನೀಲಿಗೆ ತಿರುಗಿದರೆ ಹಿಟ್ಟು ಇನ್ನೂ ಉಳಿದಿದೆ, ಅರ್ಧ ತಾಸು ಬಿಡಿ. ಬಣ್ಣ ಕಂದಾಗಿಯೇ ಉಳಿದರೆ ಆಯಿತು. ಆ ತಟ್ಟೆಯದ್ದನ್ನು ಚೆಲ್ಲಿ, ಕುಡಿಯಬೇಡಿ.

ತೆಳು ಬಟ್ಟೆಯಲ್ಲಿ ಸೋಸಿ, ಸುಮಾರು ಕಾಲು ತಾಸು ಕುದಿಸಿ. ಏಲಕ್ಕಿ, ಚೂರು ಶುಂಠಿ, ಆರಿದ ಮೇಲೆ ನಿಂಬೆಹಣ್ಣು. ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಹೊರಗೆ ಮರೆತು ಬಿಟ್ಟರೆ ಗಾಳಿಯ ಯೀಸ್ಟ್ ತಾನೇ ಬಂದು ಕೂರುತ್ತದೆ. ಅದು ಲೈಸೆನ್ಸ್ ಕೇಳಿ ಬರೋದಿಲ್ಲ. ಗುಳ್ಳೆ ಎದ್ದು ಹುಳಿವಾಸನೆ ಬಂತೋ, ಚೆಲ್ಲಿಬಿಡಿ.

ಅಕ್ಕನ ಮಗ ಎರಡು ಲೋಟ ಕುಡಿದು, 'ಇದಕ್ಕೆ ಹಾಪ್ಸ್ ಒಂದು ಇದ್ದಿದ್ರೆ...' ಅಂದ. ಬಟ್ಟೆಯಲ್ಲಿ ಉಳಿದ ಚರಟವನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದೆವು. ಅದು ಬುಟ್ಟಿ ನೆಕ್ಕಿ ಖಾಲಿ ಮಾಡಿತು.